ಬೇಸ್‌ಬಾಲ್ ಮ್ಯಾನೇಜ್‌ಮೆಂಟ್ ಆಟದಲ್ಲಿ ಎಳೆಯ ಆಟಗಾರರನ್ನು ಬೆಳೆಸುವ ಬಗೆ

ಬೇಸ್‌ಬಾಲ್ ತಂಡವೊಂದರ ಆಡಳಿತವನ್ನು ಕಂಪ್ಯೂಟರಿನಲ್ಲಿ ನಡೆಸುವ ಆಟಗಳ ಪೈಕಿ ಹೆಚ್ಚು ವಿವರವುಳ್ಳದ್ದು ‘ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್’. ಜರ್ಮನಿಯ ಮಾರ್ಕಸ್ ಹೈನ್ಸೋನ್ ರೂಪಿಸಿದ ಈ ಆಟದ ಮೊದಲ ಆವೃತ್ತಿ 1999ರಲ್ಲಿ ಬಂದಿತು. ಇಲ್ಲಿ ನಾವು ಚೆಂಡನ್ನು ಎಸೆಯುವುದೂ ಇಲ್ಲ, ಬ್ಯಾಟ್ ಬೀಸುವುದೂ ಇಲ್ಲ. ಜನರಲ್ ಮ್ಯಾನೇಜರ್ ಸ್ಥಾನದಲ್ಲಿ ಕುಳಿತು ಆಟಗಾರರನ್ನು ಆರಿಸುತ್ತೇವೆ, ಒಪ್ಪಂದ ಮಾಡಿಕೊಳ್ಳುತ್ತೇವೆ, ಎಳೆಯರು ಆಡಿ ಕಲಿಯುವ ಮೈನರ್ ಲೀಗಿನಿಂದ ಮೇಲಿನ ಮೇಜರ್ ಲೀಗಿಗೆ ತರುತ್ತೇವೆ. ಹೊಸದಾಗಿ ಆಡುವವರು ಹೆಚ್ಚಾಗಿ ಎಡವುವುದು ಈ ಕೊನೆಯ ಕೆಲಸದಲ್ಲಿ. ಮಾರ್ಗದರ್ಶಿಯುದ್ದಕ್ಕೂ ಈ ಆಟವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಇದೇ ಬಗೆಯ ಬೇರೆ ಆಟಗಳಲ್ಲೂ ತತ್ತ್ವ ಹೆಚ್ಚು ಬದಲಾಗುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಟಗಾರನ ಬೆಳವಣಿಗೆಯ ಬಹುಪಾಲು ನಮ್ಮ ಹಿಡಿತದಲ್ಲಿಲ್ಲ. ಹದಿನೆಂಟು ವರ್ಷದ ಹುಡುಗನೊಬ್ಬ ಇಪ್ಪತ್ತೈದಕ್ಕೆ ಏನಾಗುತ್ತಾನೆ ಎಂಬುದರಲ್ಲಿ ಅದೃಷ್ಟದ ಪಾಲು ದೊಡ್ಡದು, ಮತ್ತು ಆಟವನ್ನು ಉದ್ದೇಶಪೂರ್ವಕವಾಗಿಯೇ ಹಾಗೆ ಕಟ್ಟಲಾಗಿದೆ. ಅವನನ್ನು ಯಾವ ಹಂತದಲ್ಲಿ ಆಡಿಸಬೇಕು, ಎಷ್ಟು ಆಡಿಸಬೇಕು, ಅವನ ಕುರಿತ ನಿರ್ಧಾರವನ್ನು ಯಾವ ಗಡುವಿನೊಳಗೆ ಕೈಗೊಳ್ಳಬೇಕು ಎಂಬುದಷ್ಟೇ ನಮಗೆ ಬಿಟ್ಟದ್ದು. ಮುಂದಿನ ಹೆಜ್ಜೆಗಳೆಲ್ಲ ಇಷ್ಟನ್ನು ಸರಿಯಾಗಿ ಮಾಡುವುದಕ್ಕೆ ಸಂಬಂಧಿಸಿದವು.

ಮೊದಲ ಹೆಜ್ಜೆ: ಆಟ ಆರಂಭಿಸುವ ಮುನ್ನ ಎರಡು ಸೆಟ್ಟಿಂಗ್

ಹೊಸ ಲೀಗ್ ತೆರೆಯುವಾಗ ಸ್ಕೌಟಿಂಗ್, ಅಂದರೆ ಆಟಗಾರರ ಸಾಮರ್ಥ್ಯವನ್ನು ಅಂದಾಜಿಸುವ ಕೆಲಸ, ಎಷ್ಟು ನಿಖರವಾಗಿದೆ ಎಂಬ ಸೆಟ್ಟಿಂಗ್ ನೋಡಿ. ಸ್ಕೌಟಿಂಗನ್ನು ಪೂರ್ತಿ ನಿಲ್ಲಿಸಿದರೆ ಎಲ್ಲ ಆಟಗಾರರ ನಿಜವಾದ ರೇಟಿಂಗ್ ಕಣ್ಣೆದುರಿಗೇ ಇರುತ್ತದೆ. ಕಲಿಯುವ ದಿನಗಳಲ್ಲಿ ಅದು ಅನುಕೂಲವೇ ಆದರೂ ಎಳೆಯ ಆಟಗಾರರನ್ನು ಗುರುತಿಸುವ ಸವಾಲು ಅದರಿಂದ ಅರ್ಧ ಮಾಯವಾಗುತ್ತದೆ. ಎರಡನೆಯದು ಪ್ರತಿಭೆಯ ಏರಿಳಿತದ ಪ್ರಮಾಣವನ್ನು ನಿಗದಿಪಡಿಸುವ ಅಂಕೆ. ಅದು ಸಾಮಾನ್ಯವಾಗಿ 100ರಲ್ಲಿರುತ್ತದೆ. ಏರಿಸಿದಷ್ಟೂ ಅನಾಮಿಕರು ತಾರೆಗಳಾಗುವುದು, ತಾರೆಗಳಾಗಬೇಕಾದವರು ಕುಸಿಯುವುದು ಹೆಚ್ಚುತ್ತದೆ. ಮೊದಲ ಬಾರಿ ಆಡುವವರು ಅದನ್ನು ಮುಟ್ಟದಿರುವುದೇ ಲೇಸು.

ಎರಡನೆಯ ಹೆಜ್ಜೆ: ರೇಟಿಂಗನ್ನು ಓದಲು ಕಲಿಯುವುದು

ನಿಜವಾದ ಬೇಸ್‌ಬಾಲ್ ಸ್ಕೌಟ್‌ಗಳು ಬಳಸುವ 20ರಿಂದ 80ರವರೆಗಿನ ಅಳತೆಯನ್ನೇ ಆಟದಲ್ಲೂ ಆರಿಸಿಕೊಳ್ಳಬಹುದು. ಇದರಲ್ಲಿ 50 ಎಂದರೆ ಮೇಜರ್ ಲೀಗಿನ ಸರಾಸರಿ. 60 ಕಂಡರೆ ಸಂತೋಷಪಡಬಹುದು, 70 ಅಪರೂಪ, 80 ಎಂದರೆ ಆ ಕೌಶಲದಲ್ಲಿ ಜಗತ್ತಿನ ಬೆರಳೆಣಿಕೆಯವರಲ್ಲಿ ಒಬ್ಬ. ಪ್ರತಿ ಕೌಶಲಕ್ಕೂ ಎರಡು ಅಂಕೆಗಳಿರುತ್ತವೆ: ಈಗಿನ ಸಾಮರ್ಥ್ಯ ಮತ್ತು ಮುಂದೆ ತಲುಪಬಹುದಾದ ಸಾಮರ್ಥ್ಯ. ಎರಡನೆಯ ಅಂಕೆಯನ್ನು ಆಟ ಕೊಟ್ಟ ವಾಗ್ದಾನವೆಂದು ಭಾವಿಸುವುದು ಹೊಸಬರ ಸಾಮಾನ್ಯ ತಪ್ಪು. ಅದು ಇವತ್ತಿನ ಮಟ್ಟಿಗೆ ನಿಮ್ಮ ಸ್ಕೌಟ್ ಕಟ್ಟಿದ ಅಂದಾಜು. ಮುಂದಿನ ವರ್ಷ ಮೇಲೆ ಹೋಗಬಹುದು, ಕೆಳಗೂ ಬರಬಹುದು. ವಯಸ್ಸು ಕಡಿಮೆಯಿದ್ದಷ್ಟೂ, ಎರಡು ಅಂಕೆಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಆ ಅಂದಾಜಿನ ಮೇಲೆ ಕಡಿಮೆ ಭಾರ ಹಾಕಬೇಕು.

ಆಟಗಾರನ ಒಟ್ಟಾರೆ ಮಟ್ಟವನ್ನು ತೋರುವ ನಕ್ಷತ್ರಗಳನ್ನು ನೋಡಿ ತೀರ್ಮಾನಿಸುವುದಕ್ಕಿಂತ ಬಿಡಿ ಕೌಶಲಗಳನ್ನು ನೋಡುವುದು ಉತ್ತಮ. ಬ್ಯಾಟರ್‌ನಲ್ಲಿ ಕಾಂಟ್ಯಾಕ್ಟ್ (ಚೆಂಡಿಗೆ ಬ್ಯಾಟ್ ತಗಲಿಸುವುದು), ಗ್ಯಾಪ್ (ಫೀಲ್ಡರುಗಳ ನಡುವೆ ಹೊಡೆಯುವುದು), ಪವರ್ (ದೂರ ಹೊಡೆಯುವ ಬಲ), ಐ (ಕೆಟ್ಟ ಎಸೆತವನ್ನು ಗುರುತಿಸಿ ಬಿಡುವುದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಗೆ ಔಟಾಗುವುದು) ತಪ್ಪಿಸಿಕೊಳ್ಳುವ ಗುಣ. ಚೆಂಡೆಸೆಯುವ ಪಿಚರ್‌ನಲ್ಲಿ ಸ್ಟಫ್ (ಬ್ಯಾಟರ್‌ನನ್ನು ತಪ್ಪಿಸುವ ಶಕ್ತಿ), ಮೂವ್‌ಮೆಂಟ್ (ಚೆಂಡಿನ ತಿರುವು), ಕಂಟ್ರೋಲ್ (ಗುರಿಯ ಮೇಲಿನ ಹಿಡಿತ). ಪವರ್ 70ಕ್ಕೆ ಹೋಗಬಹುದು, ಆದರೆ ಕಾಂಟ್ಯಾಕ್ಟ್ 35ರ ಆಚೆ ಹೋಗಲಾರದು ಎಂಬ ಹುಡುಗನಿಗೆ ನಕ್ಷತ್ರಗಳು ಆಕರ್ಷಕವಾಗಿಯೇ ಕಾಣುತ್ತವೆ. ಮೇಜರ್ ಲೀಗಿನ ಪಿಚರ್‌ಗಳೆದುರು ಅವನ ಪವರ್ ಕೆಲಸಕ್ಕೆ ಬರುವಷ್ಟು ಬಾರಿ ಚೆಂಡು ಬ್ಯಾಟಿಗೆ ತಗಲುವುದೇ ಇಲ್ಲ. ಇಂಥವರ ಬಗ್ಗೆ ನಾನು ಬಿಗಿಯಾಗಿದ್ದೇನೆ. ಬೇರೆ ತಂಡದವರು ಕೇಳಿದರೆ ಕೊಟ್ಟುಬಿಡುವುದು ನನ್ನ ಪದ್ಧತಿ.

ಸ್ಕೌಟ್‌ಗೂ ಅವನದೇ ಒಲವಿರುತ್ತದೆ. ಕೆಲವರು ಮೈಕಟ್ಟು, ವೇಗ, ತೋಳಿನ ಬಲದಂತಹ ಹುಟ್ಟು ಗುಣಗಳಿಗೆ ಬೆಲೆ ಕೊಡುತ್ತಾರೆ, ಕೆಲವರು ಈಗಾಗಲೇ ಮೈದಾನದಲ್ಲಿ ತೋರಿದ ಸಾಮರ್ಥ್ಯಕ್ಕೆ. ನಿಮ್ಮ ಸ್ಕೌಟಿಂಗ್ ಮುಖ್ಯಸ್ಥ ಯಾವ ಕಡೆಯವನೆಂದು ತಿಳಿಯದೆ ಅವನ ವರದಿ ಓದಿದರೆ ಅರ್ಧ ಮಾತ್ರ ಓದಿದಂತೆ. ಆಟದಲ್ಲಿ ಯಾವ ತಂಡಕ್ಕೂ ಸೇರದ ಸ್ಕೌಟಿಂಗ್ ಸಂಸ್ಥೆಯೊಂದರ ಅಭಿಪ್ರಾಯವೂ ಸಿಗುತ್ತದೆ. ಎರಡೂ ಒಂದೇ ಮಾತು ಹೇಳಿದಲ್ಲಿ ಧೈರ್ಯದಿಂದ ಮುಂದುವರಿಯಿರಿ, ಭಿನ್ನವಾದಲ್ಲಿ ಅಂಕಿಅಂಶಗಳ ಕಡೆ ತಿರುಗಿ.

ಮೂರನೆಯ ಹೆಜ್ಜೆ: ಬಜೆಟ್ ಮತ್ತು ತರಬೇತುದಾರರು

ಸ್ಕೌಟಿಂಗಿಗೂ ಆಟಗಾರರ ಅಭಿವೃದ್ಧಿಗೂ ಪ್ರತ್ಯೇಕ ಬಜೆಟ್ ಇರುತ್ತದೆ. ಸೋಲುತ್ತಿರುವ, ಪುನರ್ನಿರ್ಮಾಣದ ಹಾದಿಯಲ್ಲಿರುವ ತಂಡವಾದರೆ ಮುದಿ ಆಟಗಾರನೊಬ್ಬನ ಸಂಬಳಕ್ಕೆ ಹೋಗುವ ಹಣವನ್ನು ಈ ಎರಡಕ್ಕೆ ತಿರುಗಿಸುವುದು ಬಹುತೇಕ ಯಾವಾಗಲೂ ಲಾಭದ ಕೆಲಸ. ತರಬೇತುದಾರರನ್ನು ನೇಮಿಸುವಾಗ ಎಲ್ಲರ ಗಮನ ಮೇಜರ್ ಲೀಗ್ ತಂಡದ ಮೇಲೇ ಇರುತ್ತದೆ. ಆದರೆ ಎಳೆಯ ಹುಡುಗರು ದಿನ ಕಳೆಯುವುದು ಕೆಳಗಿನ ತಂಡಗಳಲ್ಲಿ. ಅಲ್ಲಿನ ಬ್ಯಾಟಿಂಗ್ ಮತ್ತು ಪಿಚಿಂಗ್ ಕೋಚ್‌ಗಳು ಕಲಿಸುವುದರಲ್ಲಿ ಸಮರ್ಥರಾಗಿರಬೇಕು. ಪ್ರತಿ ಸೀಸನ್ ಮುಗಿದೊಡನೆ ಯಾರ ಒಪ್ಪಂದ ಮುಗಿಯಿತೆಂದು ನೋಡಿ, ಖಾಲಿ ಸ್ಥಾನಗಳನ್ನು ಬೇಗ ತುಂಬಿ. ತಡವಾದರೆ ಉಳಿಯುವುದು ಬೇರೆಯವರು ಬೇಡವೆಂದವರೇ.

ನಾಲ್ಕನೆಯ ಹೆಜ್ಜೆ: ಹುಡುಗರನ್ನು ತರುವುದು

ಮೇಜರ್ ಲೀಗಿನ ಇಂದಿನ ನಿಯಮಗಳಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಅಮೆಚೂರ್ ಡ್ರಾಫ್ಟ್ 20 ಸುತ್ತುಗಳದ್ದು. 2012ರಿಂದ 2019ರವರೆಗೆ ಅದು 40 ಸುತ್ತುಗಳಷ್ಟು ಉದ್ದವಿತ್ತು, ಅದಕ್ಕೂ ಮೊದಲು ಇನ್ನೂ ಹೆಚ್ಚು. ಡ್ರಾಫ್ಟಿನಲ್ಲಿ ಕಾಲೇಜು ಮುಗಿಸುತ್ತಿರುವವರನ್ನು ಆರಿಸಬೇಕೋ ಹೈಸ್ಕೂಲು ಹುಡುಗರನ್ನೋ ಎಂಬ ಚರ್ಚೆ ಎಂದೂ ಮುಗಿಯುವಂಥದ್ದಲ್ಲ. ಇಪ್ಪತ್ತೊಂದರ ಕಾಲೇಜು ಆಟಗಾರನಲ್ಲಿ ಅನಿಶ್ಚಿತತೆ ಕಡಿಮೆ, ಎರಡು ಮೂರು ವರ್ಷದಲ್ಲಿ ಅವನು ಏನೆಂದು ತಿಳಿಯುತ್ತದೆ. ಹದಿನೆಂಟರ ಹುಡುಗನಲ್ಲಿ ಎತ್ತರಕ್ಕೆ ಏರುವ ಅವಕಾಶ ಹೆಚ್ಚು, ಬೀಳುವ ಅವಕಾಶವೂ ಅಷ್ಟೇ. ಮೊದಲ ಎರಡು ಮೂರು ಸುತ್ತುಗಳಲ್ಲಿ ಅತ್ಯುತ್ತಮನೆಂದು ಕಂಡವನನ್ನು ವಯಸ್ಸು ನೋಡದೆ ತೆಗೆದುಕೊಂಡು, ಅನಂತರದ ಸುತ್ತುಗಳಲ್ಲಿ ಒಂದೇ ಒಂದು ಅಸಾಧಾರಣ ಗುಣವಿರುವ ಕಿರಿಯರ ಕಡೆ ವಾಲುವುದು ನನಗೆ ಸರಿಯೆನಿಸುತ್ತದೆ. ಕೆಳಗಿನ ಸುತ್ತುಗಳಿಂದ ಯಾರೂ ಬರುವುದಿಲ್ಲ ಎನ್ನುವವರು ನೆನಪಿಡಬೇಕಾದ ತಾರೆಗಳ ಹೆಸರುಗಳಿವೆ: ಆಲ್ಬರ್ಟ್ ಪೂಹೋಲ್ಸ್ 1999ರ ಡ್ರಾಫ್ಟಿನ 13ನೆಯ ಸುತ್ತಿನ ಆಯ್ಕೆ, ಮೈಕ್ ಪಿಯಾಜಾ 1988ರ 62ನೆಯ ಸುತ್ತಿನವರು.

ಅಮೆರಿಕ, ಕೆನಡಾ, ಪೋರ್ಟೊರಿಕೊಗಳ ಹೊರಗಿನ ಹುಡುಗರು ಡ್ರಾಫ್ಟಿಗೆ ಬರುವುದಿಲ್ಲ. ಅವರನ್ನು 16ರ ವಯಸ್ಸಿನಿಂದಲೇ ಬೋನಸ್ ಮಿತಿಯೊಳಗೆ ನೇರವಾಗಿ ಸೇರಿಸಿಕೊಳ್ಳಬೇಕು. ಇಡೀ ಮೊತ್ತವನ್ನು ಒಬ್ಬನ ಮೇಲೆ ಸುರಿಯುವುದಕ್ಕಿಂತ ಇಬ್ಬರು ಮೂವರಿಗೆ ಹಂಚುವುದು ಕ್ಷೇಮ, ಏಕೆಂದರೆ ಹದಿನಾರರ ಹುಡುಗನ ರೇಟಿಂಗಿನಷ್ಟು ನಂಬಲಾಗದ ವಸ್ತು ಈ ಆಟದಲ್ಲಿ ಇನ್ನೊಂದಿಲ್ಲ.

ಐದನೆಯ ಹೆಜ್ಜೆ: ಸರಿಯಾದ ಹಂತ

ಕ್ರಿಕೆಟ್‌ನಲ್ಲಿ ಹತ್ತೊಂಬತ್ತರ ಹುಡುಗ ನೇರವಾಗಿ ರಾಷ್ಟ್ರೀಯ ತಂಡಕ್ಕೆ ಬಂದು ಶತಕ ಹೊಡೆಯುವುದನ್ನು ಕಂಡ ನಮಗೆ ಬೇಸ್‌ಬಾಲ್‌ನ ಈ ಏಣಿ ವಿಚಿತ್ರವೆನಿಸಬಹುದು. 2021ರ ಮರುವಿಂಗಡಣೆಯ ನಂತರ ಪ್ರತಿ ಮೇಜರ್ ಲೀಗ್ ತಂಡಕ್ಕೂ ಪೂರ್ಣ ಸೀಸನ್ ಆಡುವ ನಾಲ್ಕು ಮೈನರ್ ತಂಡಗಳಿವೆ: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಅವುಗಳ ಕೆಳಗೆ ಫ್ಲಾರಿಡಾ, ಅರಿಜೋನಾಗಳ ಕಾಂಪ್ಲೆಕ್ಸ್ ಲೀಗುಗಳೂ ಡೊಮಿನಿಕನ್ ರಿಪಬ್ಲಿಕ್‌ನ ಬೇಸಿಗೆ ಲೀಗೂ ಇವೆ. ಸ್ಥೂಲವಾಗಿ ಹೇಳುವುದಾದರೆ ಸಿಂಗಲ್-ಎಯಲ್ಲಿ ಇಪ್ಪತ್ತು-ಇಪ್ಪತ್ತೊಂದರವರು, ಹೈ-ಎಯಲ್ಲಿ ಇಪ್ಪತ್ತೆರಡರವರು, ಡಬಲ್-ಎಯಲ್ಲಿ ಇಪ್ಪತ್ತಮೂರು-ಇಪ್ಪತ್ತನಾಲ್ಕರವರು ಹೆಚ್ಚು. ಟ್ರಿಪಲ್-ಎಯಲ್ಲಿ ಮೇಲೆ ಹೋಗಿ ಬಂದ ಅನುಭವಿಗಳೂ ಸೇರಿರುವುದರಿಂದ ಸರಾಸರಿ ವಯಸ್ಸು ಅದಕ್ಕಿಂತ ಮೇಲೆ.

ಈ ವಯಸ್ಸುಗಳು ಏಕೆ ಮುಖ್ಯವೆಂದರೆ, ಮೈನರ್ ಲೀಗಿನ ಯಾವ ಅಂಕಿಅಂಶವನ್ನೂ ವಯಸ್ಸಿನ ಜೊತೆಗಿಡದೆ ಓದಲಾಗದು. ಸಿಂಗಲ್-ಎಯಲ್ಲಿ ಇಪ್ಪತ್ತನಾಲ್ಕರ ಬ್ಯಾಟರ್ 0.330 ಸರಾಸರಿ ಹೊಂದಿದ್ದರೆ ಅವನು ತನಗಿಂತ ಕಿರಿಯರ ಚೆಂಡುಗಳನ್ನು ಚಚ್ಚುತ್ತಿದ್ದಾನೆ ಎಂದಷ್ಟೇ ಅರ್ಥ. ಅದೇ ಹಂತದಲ್ಲಿ ಹತ್ತೊಂಬತ್ತರ ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಒಬ್ಬನನ್ನು ಊಹಿಸಿಕೊಳ್ಳಿ. 400 ಬ್ಯಾಟಿಂಗ್ ಸರದಿಗಳಲ್ಲಿ 48 ವಾಕ್ (ನಾಲ್ಕು ಕೆಟ್ಟ ಎಸೆತಗಳಿಗೆ ಸಿಗುವ ಮೊದಲ ಬೇಸ್), ಐದು ಬಾರಿ ಮೈಗೆ ಚೆಂಡು, ಎರಡು ಸ್ಯಾಕ್ರಿಫೈಸ್ ಫ್ಲೈ (ತಾನು ಔಟಾದರೂ ರನ್ ತಂದ ಹೊಡೆತ). ಸರಾಸರಿಗೆ ಲೆಕ್ಕವಾಗುವ ಉಳಿದ 345 ಆಟ್-ಬ್ಯಾಟ್‌ಗಳಲ್ಲಿ 76 ಸ್ಟ್ರೈಕ್‌ಔಟ್, ಆರು ಹೋಮ್‌ರನ್ ಸೇರಿ 75 ಹಿಟ್. ಸರಾಸರಿ 0.217. ಪಟ್ಟಿಯಲ್ಲಿ ಈ ಅಂಕೆ ಕಂಡೊಡನೆ ಅವನನ್ನು ಕೆಳಗಿಳಿಸಬೇಕೆನಿಸುತ್ತದೆ. ಆದರೆ ಇನ್ನೂ ಸ್ವಲ್ಪ ನೋಡಿ. ನೂರಕ್ಕೆ ಹನ್ನೆರಡು ಸರದಿಗಳಲ್ಲಿ ವಾಕ್ ಗಳಿಸಿದ್ದಾನೆ, ಹತ್ತೊಂಬತ್ತರಲ್ಲಿ ಮಾತ್ರ ಸ್ಟ್ರೈಕ್‌ಔಟ್ ಆಗಿದ್ದಾನೆ, ಆನ್-ಬೇಸ್ ಪ್ರಮಾಣ (ಹಿಟ್, ವಾಕ್, ಮೈಗೆ ಚೆಂಡು ಸೇರಿ ಬೇಸ್ ತಲುಪಿದ್ದು) 0.320. ಹೋಮ್‌ರನ್ ಬಿಟ್ಟು ಮೈದಾನದೊಳಕ್ಕೆ ಹೊಡೆದ 265 ಚೆಂಡುಗಳಲ್ಲಿ ಹಿಟ್ ಆದದ್ದು 69, ಅಂದರೆ 0.260. ಈ ಪ್ರಮಾಣ ಲೀಗುಗಳಲ್ಲಿ ಸಾಮಾನ್ಯವಾಗಿ 0.300ರ ಸುತ್ತ ಇರುತ್ತದೆ. ಇನ್ನು ಹತ್ತು ಚೆಂಡುಗಳು ಫೀಲ್ಡರುಗಳ ನಡುವೆ ಬಿದ್ದಿದ್ದರೆ ಸರಾಸರಿ 0.246ಕ್ಕೂ ಆನ್-ಬೇಸ್ 0.345ಕ್ಕೂ ಏರುತ್ತಿತ್ತು. ತನಗಿಂತ ಹಿರಿಯರ ನಡುವೆ ಚೆಂಡನ್ನು ಗುರುತಿಸಬಲ್ಲ ಈ ಹುಡುಗ ಮುಂದಿನ ವರ್ಷ ಹೈ-ಎಗೆ ಹೋಗಬೇಕಾದವನು.

ಮೇಲೇರಿಸಲು ನಾನು ಪಾಲಿಸುವ ಕ್ರಮ ಇದು. ಲೀಗಿನ ಸರಾಸರಿಯನ್ನು 100 ಎಂದು ಹಿಡಿದು ಅಳೆಯುವ ಬ್ಯಾಟಿಂಗ್ ಸೂಚ್ಯಂಕವನ್ನು ನೋಡುತ್ತೇನೆ. ತನ್ನ ಹಂತಕ್ಕೆ ಕಿರಿಯನಾದವನು ಇನ್ನೂರಕ್ಕೂ ಹೆಚ್ಚು ಸರದಿಗಳ ನಂತರ 115ರ ಮೇಲೆ ನಿಂತಿದ್ದರೆ ಅರ್ಧ ಸೀಸನ್ನಿನಲ್ಲೇ ಮೇಲೇರಿಸುತ್ತೇನೆ. ವಯಸ್ಸು ಹಂತಕ್ಕೆ ತಕ್ಕಷ್ಟೇ ಇದ್ದರೆ ಸೀಸನ್ ಪೂರ್ತಿ ಕಾಯುತ್ತೇನೆ. 80ರ ಕೆಳಗೆ ಬಿದ್ದು, ಅದರ ಜೊತೆಗೆ ಸ್ಟ್ರೈಕ್‌ಔಟ್ ನೂರಕ್ಕೆ ಮೂವತ್ತು ದಾಟಿದರೆ ಮಾತ್ರ ಕೆಳಗಿಳಿಸುತ್ತೇನೆ. ಬರೀ ಸರಾಸರಿ ಕುಸಿದದ್ದಕ್ಕೆ ಎಂದೂ ಅಲ್ಲ. ಪಿಚರ್‌ಗಳ ವಿಷಯದಲ್ಲಿ ಇಆರ್‌ಎಯನ್ನು (ಒಂಬತ್ತು ಇನ್ನಿಂಗ್ಸಿಗೆ ಬಿಟ್ಟುಕೊಡುವ ರನ್‌ಗಳ ಸರಾಸರಿ) ಬದಿಗಿಟ್ಟು, ಸ್ಟ್ರೈಕ್‌ಔಟ್ ಪ್ರಮಾಣದಿಂದ ವಾಕ್ ಪ್ರಮಾಣವನ್ನು ಕಳೆದು ಉಳಿಯುವುದೆಷ್ಟು ಎಂದು ನೋಡಿದರೆ ಸಾಕು. ಈ ಗಡಿಗಳು ನನ್ನವು. ನಿಮ್ಮ ಲೀಗಿನ ಸ್ವರೂಪಕ್ಕೆ ತಕ್ಕಂತೆ ಆಚೀಚೆ ಸರಿಸಿಕೊಳ್ಳಬಹುದು.

ಮೇಲಿನ ಹಂತಕ್ಕೆ ಬೇಗ ಕಳಿಸಿದರೆ ಬೇಗ ಕಲಿಯುತ್ತಾನೆಂಬ ನಂಬಿಕೆ ವ್ಯಾಪಕವಾಗಿದೆ. ಸ್ವಲ್ಪ ಕಷ್ಟದ ಹಂತ ಒಳ್ಳೆಯದೇ. ಆದರೆ ತನ್ನ ಮಟ್ಟಕ್ಕಿಂತ ಎರಡು ಮೆಟ್ಟಿಲು ಮೇಲಿದ್ದು ತಿಂಗಳುಗಟ್ಟಲೆ ಸೋಲುವುದರಿಂದ ಅವನಿಗೂ ಲಾಭವಿಲ್ಲ, ನಿಮಗೂ ಅವನ ಕುರಿತು ಏನೂ ತಿಳಿಯುವುದಿಲ್ಲ. ಹೈ-ಎಯಿಂದ ಡಬಲ್-ಎಗೆ ಏರುವುದು ಇಡೀ ಏಣಿಯಲ್ಲೇ ಕಡಿದಾದ ಮೆಟ್ಟಿಲೆಂದು ಬೇಸ್‌ಬಾಲ್ ಬಲ್ಲವರು ಹೇಳುತ್ತಾರೆ. ಅಲ್ಲಿ ನಿಂತವನು ಮುಂದೆಯೂ ನಿಲ್ಲುವ ಸಂಭವ ಹೆಚ್ಚು.

ಆರನೆಯ ಹೆಜ್ಜೆ: ಆಡುವ ಅವಕಾಶ

ಬಡ್ತಿಯ ಬಗ್ಗೆ ತಲೆಕೆಡಿಸಿಕೊಳ್ಳುವವರು ಮರೆಯುವ ಸಂಗತಿ ಇದು. ಸರಿಯಾದ ಹಂತದಲ್ಲಿದ್ದೂ ಬೆಂಚಿನ ಮೇಲೆ ಕೂತ ಹುಡುಗ ಬೆಳೆಯುವುದಿಲ್ಲ. ಮೈನರ್ ತಂಡಗಳ ದಿನದಿನದ ಆಡಳಿತವನ್ನು ಆಟಕ್ಕೇ ವಹಿಸಿದ್ದರೆ, ಅಲ್ಲಿನ ಕಂಪ್ಯೂಟರ್ ಮ್ಯಾನೇಜರ್ ಪಂದ್ಯ ಗೆಲ್ಲುವ ಆಸೆಯಿಂದ ಇಪ್ಪತ್ತೇಳರ ಅನುಭವಿಯೊಬ್ಬನನ್ನು ನಿಮ್ಮ ಹುಡುಗನ ಸ್ಥಾನದಲ್ಲಿ ಆಡಿಸುವುದು ಅಸಾಧ್ಯವೇನಲ್ಲ. ತಿಂಗಳಿಗೊಮ್ಮೆ ಪ್ರತಿ ತಂಡದ ಪಟ್ಟಿ ತೆರೆದು, ನಿಮಗೆ ಬೇಕಾದವರು ಎಷ್ಟು ಪಂದ್ಯ ಆಡಿದ್ದಾರೆಂದು ನೋಡಿ. ಆಡುತ್ತಿಲ್ಲವೆಂದಾದರೆ ಎದುರಿಗಿರುವ ಅನುಭವಿಯನ್ನು ಬಿಡುಗಡೆ ಮಾಡಿ ಅಥವಾ ಬೇರೆ ಹಂತಕ್ಕೆ ಕಳಿಸಿ. ಒಂದೇ ಸ್ಥಾನದ ಮೂವರು ಒಂದೇ ತಂಡದಲ್ಲಿ ಗುಂಪಾಗದಂತೆ ಹಂಚುವುದು ಬೇಸರದ ಕೆಲಸ, ಆದರೆ ಈ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ.

ಸ್ಥಾನ ಬದಲಾವಣೆಯೂ ಇಲ್ಲೇ ಆಗಬೇಕು. ಒಂದು ಸ್ಥಾನದಲ್ಲಿ ಆಡುತ್ತ ಆಡುತ್ತಲೇ ಆ ಸ್ಥಾನದ ರೇಟಿಂಗ್ ಬೆಳೆಯುತ್ತದೆ. ಶಾರ್ಟ್‌ಸ್ಟಾಪ್‌ಗೆ ಬೇಕಾದ ರೇಂಜ್ (ಓಡಿ ಚೆಂಡು ತಲುಪುವ ವ್ಯಾಪ್ತಿ) ಇಲ್ಲದೆ ತೋಳು ಗಟ್ಟಿಯಾಗಿರುವವನನ್ನು ಥರ್ಡ್ ಬೇಸ್‌ಗೆ, ವೇಗವಿದ್ದು ಕೈ ಒರಟಾಗಿರುವವನನ್ನು ಸೆಂಟರ್ ಫೀಲ್ಡ್‌ಗೆ ಸಿಂಗಲ್-ಎಯಲ್ಲಿರುವಾಗಲೇ ಅಭ್ಯಾಸ ಮಾಡಿಸಿ. ಮೇಜರ್ ಲೀಗಿನಲ್ಲಿ ಕಲಿಯಲಿ ಎಂದು ಬಿಟ್ಟರೆ ಅವನ ತಪ್ಪುಗಳ ಬೆಲೆಯನ್ನು ನಿಮ್ಮ ಪಿಚರ್‌ಗಳು ತೆರುತ್ತಾರೆ.

ಪಿಚರ್‌ಗಳಲ್ಲಿ ಮೊದಲ ಪ್ರಶ್ನೆ ಸ್ಟಾರ್ಟರೋ (ಪಂದ್ಯ ಆರಂಭಿಸುವವನು) ರಿಲೀವರೋ (ನಡುವೆ ಬಂದು ಕಡಿಮೆ ಇನ್ನಿಂಗ್ಸ್ ಎಸೆಯುವವನು) ಎಂಬುದು. ಸ್ಟಾರ್ಟರ್ ಆಗಲು ಸಾಕಷ್ಟು ಸ್ಟ್ಯಾಮಿನಾ ಮತ್ತು ಕನಿಷ್ಠ ಮೂರು ಉಪಯುಕ್ತ ಪಿಚ್‌ಗಳು (ಎಸೆತದ ಬಗೆಗಳು) ಬೇಕು. ಎರಡೇ ಇದ್ದು ಮೂರನೆಯದು ಬೆಳೆಯುವ ಲಕ್ಷಣವಿದ್ದರೆ ಡಬಲ್-ಎವರೆಗೆ ಸ್ಟಾರ್ಟರ್ ಆಗಿಯೇ ಉಳಿಸಿ. ಹೆಚ್ಚು ಇನ್ನಿಂಗ್ಸ್ ಸಿಗುತ್ತದೆ. ಅಲ್ಲಿಯೂ ಮೂರನೆಯ ಪಿಚ್ ಮೇಲೇಳದಿದ್ದರೆ ರಿಲೀವರ್ ಮಾಡುವುದರಲ್ಲಿ ಸಂಕೋಚ ಬೇಡ. ಕಡಿಮೆ ಇನ್ನಿಂಗ್ಸ್ ಎಸೆಯುವ ಕಾರಣ ಸ್ಟಫ್ ರೇಟಿಂಗ್ ಆ ಪಾತ್ರದಲ್ಲಿ ಏರುತ್ತದೆ.

ಏಳನೆಯ ಹೆಜ್ಜೆ: ಸ್ವಭಾವ, ಗಾಯ, ವಿಶೇಷ ತರಬೇತಿ

ಶ್ರಮಶೀಲತೆ ಮತ್ತು ಬುದ್ಧಿವಂತಿಕೆ ಹೆಚ್ಚಿರುವ ಆಟಗಾರ ತನ್ನ ಸಾಮರ್ಥ್ಯದ ಮಿತಿಯನ್ನು ತಲುಪುವ ಸಾಧ್ಯತೆ ಹೆಚ್ಚು. ಇಬ್ಬರು ಸಮಾನರೆಂದು ಕಂಡಾಗ ಇದನ್ನು ನೋಡಿ ಆರಿಸಿ. ಆದರೆ ಪ್ರತಿಭೆ ಕಡಿಮೆಯಿರುವವನನ್ನು ಸ್ವಭಾವಕ್ಕೋಸ್ಕರ ಮುಂದೆ ತರಬೇಡಿ. ಗಾಯಕ್ಕೆ ಸುಲಭವಾಗಿ ಒಳಗಾಗುವ ಪಿಚರ್‌ನ ಮೌಲ್ಯವನ್ನು ರೇಟಿಂಗ್ ತೋರಿಸುವುದಕ್ಕಿಂತ ಒಂದು ದರ್ಜೆ ಕೆಳಗೆ ಹಿಡಿಯುವುದು ವಿವೇಕ. ಇತ್ತೀಚಿನ ಆವೃತ್ತಿಗಳಲ್ಲಿ ಸೀಸನ್ ಮುಗಿದ ಮೇಲೆ ಆಯ್ದ ಕೆಲವರನ್ನು ಅಭಿವೃದ್ಧಿ ಲ್ಯಾಬಿಗೆ ಕಳಿಸಿ ಒಂದು ಕೌಶಲದ ಮೇಲೆ ಕೆಲಸ ಮಾಡಿಸಬಹುದು. ಸ್ಥಾನಗಳು ಸೀಮಿತ, ಫಲ ಖಚಿತವಲ್ಲ. ಮೇಜರ್ ಲೀಗಿನ ಹೊಸ್ತಿಲಲ್ಲಿದ್ದು ಒಂದೇ ಕೊರತೆಯಿಂದ ತಡೆದು ನಿಂತವರಿಗೆ ಅವನ್ನು ಮೀಸಲಿಡಿ.

ಎಂಟನೆಯ ಹೆಜ್ಜೆ: ಗಡುವುಗಳು

ಇಷ್ಟೆಲ್ಲ ಮಾಡಿ ಬೆಳೆಸಿದವನನ್ನು ನಿಯಮದ ಅರಿವಿಲ್ಲದೆ ಕಳೆದುಕೊಳ್ಳುವುದುಂಟು. 1954ರ ಕೊನೆಯಲ್ಲಿ ಡಾಡ್ಜರ್ಸ್ ತಮ್ಮ ಮಾಂಟ್ರಿಯಲ್ ಮೈನರ್ ತಂಡದಲ್ಲಿ ಇಟ್ಟಿದ್ದ ರಾಬರ್ಟೊ ಕ್ಲೆಮೆಂಟೆಯನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ರೂಲ್ 5 ಡ್ರಾಫ್ಟಿನಲ್ಲಿ (ಬೇರೆ ತಂಡ ಕಾಯ್ದಿರಿಸದ ಮೈನರ್ ಆಟಗಾರರನ್ನು ಒಯ್ಯುವ ಡ್ರಾಫ್ಟ್) ಎತ್ತಿಕೊಂಡಿತು. ಅವರು ಅಲ್ಲಿಯೇ 3,000 ಹಿಟ್ ಗಳಿಸಿ ಹಾಲ್ ಆಫ್ ಫೇಮ್ ಸೇರಿದರು. ಇಂದಿನ ನಿಯಮದಂತೆ, 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಸಹಿ ಹಾಕಿದವನನ್ನು ಐದು ಸೀಸನ್‌ಗಳೊಳಗೆ, 19 ಅಥವಾ ಹೆಚ್ಚಿನ ವಯಸ್ಸಿನವನನ್ನು ನಾಲ್ಕು ಸೀಸನ್‌ಗಳೊಳಗೆ ತಂಡ ಕಾಯ್ದಿರಿಸುವ 40 ಜನರ ಪಟ್ಟಿಗೆ ಸೇರಿಸಬೇಕು. ಇಲ್ಲವಾದರೆ ಬೇರೆ ತಂಡ ಒಂದು ಲಕ್ಷ ಡಾಲರ್ ಕೊಟ್ಟು ಅವನನ್ನು ಒಯ್ಯಬಹುದು. ಆದರೆ ಮುಂದಿನ ಸೀಸನ್ ಪೂರ್ತಿ ಅವನನ್ನು ಮೇಜರ್ ಲೀಗಿನಲ್ಲಿ ಆಡುವ 26 ಜನರ ತಂಡದಲ್ಲೇ ಇಟ್ಟುಕೊಳ್ಳಬೇಕು. ಹಾಗಾಗಿ ಪ್ರತಿ ನವೆಂಬರಿನಲ್ಲಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇವನು ಒಳ್ಳೆಯವನೇ?’ ಎಂಬುದಲ್ಲ, ‘ಇನ್ನೊಂದು ತಂಡ ಇವನನ್ನು ಇಡೀ ವರ್ಷ ಹೊತ್ತುಕೊಂಡೀತೇ?’ ಎಂಬುದು. ಹೈ-ಎ ದಾಟದ ಇಪ್ಪತ್ತೊಂದರ ಔಟ್‌ಫೀಲ್ಡರ್‌ನನ್ನು ಯಾರೂ ಹೊರಲಾರರು. ಗಂಟೆಗೆ 98 ಮೈಲಿ ವೇಗದಲ್ಲಿ ಎಸೆಯುವ ರಿಲೀವರ್‌ನನ್ನು ಖಂಡಿತ ಹೊರುತ್ತಾರೆ.

ಪಟ್ಟಿಗೆ ಸೇರಿಸಿದ ಕ್ಷಣದಿಂದ ಇನ್ನೊಂದು ಗಡಿಯಾರ ನಡೆಯತೊಡಗುತ್ತದೆ. ಆಟಗಾರನನ್ನು ಮೈನರ್ ಲೀಗಿಗೆ ಮರಳಿಸಲು ಸಾಮಾನ್ಯವಾಗಿ ಮೂರು ಆಪ್ಷನ್ ವರ್ಷಗಳಿರುತ್ತವೆ. ಒಂದು ಸೀಸನ್ನಿನಲ್ಲಿ 20 ದಿನಕ್ಕಿಂತ ಕಡಿಮೆ ಕೆಳಗಿದ್ದರೆ ಅದು ಲೆಕ್ಕಕ್ಕಿಲ್ಲ. ಮೂರೂ ಮುಗಿದ ಮೇಲೆ ವೇವರ್ಸ್ (ಬೇರೆ ಯಾವ ತಂಡವಾದರೂ ಅವನನ್ನು ಕೇಳಿ ಪಡೆಯಬಹುದಾದ ಹಂತ) ದಾಟದೆ ಅವನನ್ನು ಕೆಳಗಿಳಿಸಲಾಗದು. ಅಗತ್ಯಕ್ಕಿಂತ ಎರಡು ವರ್ಷ ಮೊದಲೇ ಪಟ್ಟಿಗೆ ಸೇರಿಸಿದವರು, ಹುಡುಗ ನಿಜವಾಗಿ ಸಿದ್ಧನಾಗುವ ಹೊತ್ತಿಗೆ ಆಪ್ಷನ್ ಇಲ್ಲದೆ ಪರದಾಡುತ್ತಾರೆ.

ಸೇವಾವಧಿಯ ಲೆಕ್ಕವೂ ಇದೆ. ಮೇಜರ್ ಲೀಗಿನಲ್ಲಿ 172 ದಿನ ಕಳೆದರೆ ಒಂದು ವರ್ಷದ ಸೇವೆ. ಆರು ವರ್ಷವಾದರೆ ಆಟಗಾರ ಬೇರೆ ತಂಡಕ್ಕೆ ಹೋಗಲು ಸ್ವತಂತ್ರ. ಸೀಸನ್ 187 ದಿನಗಳ ಆಸುಪಾಸಿನದಾದ್ದರಿಂದ, ಮೊದಲ ಎರಡು ಮೂರು ವಾರ ಕೆಳಗಿಟ್ಟು ಕರೆಸಿದರೆ ಇನ್ನೊಂದು ವರ್ಷ ಕೈಗೆ ಸಿಗುತ್ತದೆ. 2015ರಲ್ಲಿ ಶಿಕಾಗೊ ಕಬ್ಸ್ ಕ್ರಿಸ್ ಬ್ರಯಂಟ್‌ರನ್ನು ಹೀಗೆ ತಡವಾಗಿ ಕರೆಸಿದಾಗ ಅವರಿಗೆ ದಕ್ಕಿದ್ದು 171 ದಿನ. ಅವರು ಸಲ್ಲಿಸಿದ ದೂರು 2020ರಲ್ಲಿ ತಿರಸ್ಕೃತವಾಯಿತು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2022ರ ಒಪ್ಪಂದದಲ್ಲಿ ಇದಕ್ಕೆ ಕಡಿವಾಣ ಬಿದ್ದಿದ್ದು, ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಪೂರ್ಣ ವರ್ಷದ ಸೇವೆ ಸಿಗುತ್ತದೆ. ನಿಮ್ಮ ಲೀಗಿನ ನಿಯಮ ಯಾವುದೆಂದು ನೋಡಿಕೊಂಡು ಲೆಕ್ಕ ಹಾಕಿ. ಪ್ರಶಸ್ತಿ ಗೆಲ್ಲಬಲ್ಲವನನ್ನು ಹದಿನೈದು ದಿನಕ್ಕಾಗಿ ಕೂರಿಸಿ ಬಿಗಿ ಸ್ಪರ್ಧೆಯ ವರ್ಷದಲ್ಲಿ ಎರಡು ಪಂದ್ಯ ಸೋಲುವುದು ಜಾಣತನವೆಂದು ನನಗೆ ಅನಿಸಿಲ್ಲ.

ಒಂಬತ್ತನೆಯ ಹೆಜ್ಜೆ: ಉಳಿಸಿಕೊಳ್ಳುವುದೋ ಮಾರುವುದೋ

ಮೇಜರ್ ಲೀಗಿಗೆ ಕರೆಸಿದರೆ ದಿನವೂ ಆಡಿಸಿ. ವಾರಕ್ಕೆರಡು ಪಂದ್ಯಕ್ಕಾಗಿ ಕರೆಸುವುದಾದರೆ ಟ್ರಿಪಲ್-ಎಯಲ್ಲೇ ಇರಲಿ. ಮೊದಲ ಮುನ್ನೂರು ಸರದಿಗಳಲ್ಲಿ ಎಡವಿದರೆ ಐದನೆಯ ಹೆಜ್ಜೆಯ ಉದಾಹರಣೆಯ ಶಾರ್ಟ್‌ಸ್ಟಾಪ್‌ನನ್ನು ಪರೀಕ್ಷಿಸಿದಂತೆಯೇ ವಾಕ್, ಸ್ಟ್ರೈಕ್‌ಔಟ್ ಪ್ರಮಾಣಗಳನ್ನು ಮೊದಲು ನೋಡಿ.

ಮಾರಾಟದ ವಿಷಯದಲ್ಲಿ ಭಾವನೆಗೆ ಎಡೆ ಕೊಡಬಾರದು. ನಾಲ್ಕು ವರ್ಷ ನೋಡಿಕೊಂಡ ಹುಡುಗನನ್ನು ಕೊಡಲು ಮನಸ್ಸು ಬಾರದಿರುವುದು ಸಹಜ, ಆದರೆ ಎಲ್ಲರಿಗೂ ಮೇಲೆ ಸ್ಥಾನವಿಲ್ಲ. ಪ್ರತಿ ಆಗಸ್ಟ್ ಬರುವ ಮುನ್ನ, ಅಂದರೆ ತಂಡಗಳು ಆಟಗಾರರನ್ನು ವಿನಿಮಯ ಮಾಡಿಕೊಳ್ಳುವ ಟ್ರೇಡ್ ಗಡುವಿಗೆ ಮೊದಲು, ಇಪ್ಪತ್ತೆರಡು ದಾಟಿಯೂ ಹೈ-ಎಯಲ್ಲೇ ನಿಂತಿರುವ, ಆದರೆ ಹೊರಗಿನವರ ಕಣ್ಣಿಗೆ ಇನ್ನೂ ನಾಲ್ಕು ನಕ್ಷತ್ರದವನಾಗಿ ಕಾಣುವ ಆಟಗಾರರ ಪಟ್ಟಿ ಮಾಡಿ. ಅಂದಾಜು ಇಳಿಯಲಾರಂಭಿಸಿದ ಮೇಲೆ ಕೊಳ್ಳುವವರು ಸಿಗುವುದಿಲ್ಲ. ಪಿಚರ್‌ಗಳನ್ನು ಬ್ಯಾಟರ್‌ಗಳಿಗಿಂತ ಮೊದಲು ಮಾರಿ, ಏಕೆಂದರೆ ಮೊಣಕೈ ಗಾಯವೊಂದು ರಾತ್ರೋರಾತ್ರಿ ಅವರ ಬೆಲೆಯನ್ನು ಅಳಿಸಿಬಿಡುತ್ತದೆ. ಇನ್ನು ಇಪ್ಪತ್ತಾರಾಗಿ ಆಪ್ಷನ್ ಮುಗಿದು, ಟ್ರಿಪಲ್-ಎಯಲ್ಲಿ ಚೆನ್ನಾಗಿ ಆಡುತ್ತ, ಮೇಲೆ ಎರಡು ಬಾರಿ ಸೋತು ಬಂದವನಿದ್ದರೆ ಅವನನ್ನು ಪ್ರಾಸ್ಪೆಕ್ಟ್‌ಗಳ (ಭರವಸೆಯ ಎಳೆಯ ಆಟಗಾರರ) ಪಟ್ಟಿಯಿಂದ ತೆಗೆದುಬಿಡಿ. ಮೂರ್ನಾಲ್ಕು ಸ್ಥಾನಗಳಲ್ಲಿ ಫೀಲ್ಡಿಂಗ್ ಮಾಡಬಲ್ಲವನಾದರೆ 26ರ ತಂಡದ ಕೊನೆಯ ಸ್ಥಾನ ಕೊಡಿ, ಇಲ್ಲವಾದರೆ ವೇವರ್ಸ್‌ಗೆ ಹಾಕಿ ಆ ಜಾಗವನ್ನು ಮುಂದಿನ ನವೆಂಬರಿನಲ್ಲಿ ಕಾಪಾಡಬೇಕಾದ ಹುಡುಗನಿಗಾಗಿ ಖಾಲಿ ಇಡಿ.